ಹುಟ್ಟುಗುಣವೋ, ಗಣಿಯ ದೂಳೋ?

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಮನುಷ್ಯನ ಸ್ವಭಾವಕ್ಕೆಂದು ಹೇಳಿದ ಈ ಮಾತನ್ನು ನಾವು ಅನೇಕ ವೇಳೆ ಅವನ ಕಾಯಿಲೆಗೂ ಅನ್ವಯಿಸಿಬಿಡುತ್ತೇವೆ. ಪರೇಲು, ಲಾಲಬಾಗುಗಳ ಚಾಳುಗಳಲ್ಲಿ ಬಾಳಿದ ನಮ್ಮ ಹಿರಿಯರಿಗೆ ಇದು ಹೊಸತಲ್ಲ. ಹತ್ತಿಯ ಗಿರಣಿಯಲ್ಲಿ ಒಂದೇ ಖಾತೆಯಲ್ಲಿ, ಒಂದೇ ಪಾಳಿಯಲ್ಲಿ ಇಪ್ಪತ್ತು ವರ್ಷ ದುಡಿದ ಇಬ್ಬರು ನೆರೆಯವರಲ್ಲಿ ಒಬ್ಬರು ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು. ಮತ್ತೊಬ್ಬರು ಮೂರನೆಯ ಮಾಳಿಗೆಗೆ ನೀರಿನ ಕೊಡ ಹೊತ್ತು ಏರುತ್ತಿದ್ದರು. ಆಗ ಚಾಳಿನ ಜನ ಆಡುತ್ತಿದ್ದ ಮಾತು ಒಂದೇ: “ಏನು ಮಾಡೋದು, ಅವರ ಮನೆತನದಲ್ಲೇ ದಮ್ಮು ಇದೆ.” ಅಲ್ಲಿಗೆ ವಿಚಾರಣೆ ಮುಗಿಯುತ್ತಿತ್ತು. ಗಿರಣಿಯ ದೂಳನ್ನು ಯಾರೂ ಸಾಕ್ಷಿಕಟ್ಟೆಗೆ ಕರೆಯುತ್ತಿರಲಿಲ್ಲ.

ಆ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆಂದು ನಾವು ಹೇಳಲಾರೆವು. ಒಂದೇ ದೂಳು, ಒಂದೇ ಕೆಲಸ. ಆದರೂ ಒಬ್ಬನಿಗೆ ರೋಗ, ಇನ್ನೊಬ್ಬನಿಗೆ ಆರೋಗ್ಯ. ಏಕೆ? ಈ ಪ್ರಶ್ನೆಯನ್ನು ಬಹುಕಾಲ ಕೇಳಿದ್ದು, ಅದಕ್ಕೆ ಬಹಳ ಬೆಲೆ ತೆತ್ತದ್ದು ಕಲ್ಲಿದ್ದಲ ಗಣಿಗಳಲ್ಲಿ. ಆ ಇತಿಹಾಸವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ರೋಗದ ಮೂಲ ಮನುಷ್ಯನ ರಕ್ತದಲ್ಲಿದೆಯೆಂದರೆ ಬದಲಾಗಬೇಕಾದವನು ಮನುಷ್ಯ. ಗಾಳಿಯಲ್ಲಿದೆಯೆಂದರೆ ಬದಲಾಗಬೇಕಾದದ್ದು ಗಣಿ. ಯಾವ ಉತ್ತರ ಗೆಲ್ಲುತ್ತದೆಂಬುದರ ಮೇಲೆ ಸಾವಿರಾರು ಸಂಸಾರಗಳ ಅನ್ನ ನಿಂತಿತ್ತು.

ಏಳು ಗಂಡಂದಿರ ಕಥೆ

ಗಣಿಯ ದೂಳು ಪ್ರಾಣಘಾತಕವೆಂಬುದು ಹೊಸ ವಿಷಯವೇನಲ್ಲ. ಜರ್ಮನಿಯ ಅಗ್ರಿಕೋಲಾ ಎಂಬ ವೈದ್ಯರು ಗಣಿಗಾರಿಕೆಯ ಕುರಿತು ಬರೆದ ಮಹಾಗ್ರಂಥ 1556ರಲ್ಲಿ ಅಚ್ಚಾಯಿತು. ಕಾರ್ಪೇಥಿಯನ್ ಬೆಟ್ಟಗಳ ಗಣಿಗಳ ಬಳಿ ಒಬ್ಬೊಬ್ಬಳು ಏಳೇಳು ಗಂಡಂದಿರನ್ನು ಮದುವೆಯಾಗಿ, ಏಳು ಜನರನ್ನೂ ಕಳೆದುಕೊಂಡ ಹೆಂಗಸರಿದ್ದಾರೆಂದು ಅವರು ಅದರಲ್ಲಿ ಬರೆದಿದ್ದಾರೆ. ಏಳೂ ಮಂದಿಯ ಹುಟ್ಟುಗುಣ ಒಂದೇ ಆಗಿತ್ತೇ ಎಂಬ ಪ್ರಶ್ನೆ ಅವರಿಗೆ ಹೊಳೆಯಲಿಲ್ಲ. ಗಣಿಗೆ ಗಾಳಿಯಾಡಿಸುವ ಯಂತ್ರಗಳನ್ನು ಹೂಡಿರಿ, ಕೆಲಸಗಾರರು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಲಿ ಎಂದರು. ಸುಮಾರು 470 ವರ್ಷಗಳ ಹಿಂದಿನ ಈ ಸಲಹೆಗೆ ಇಂದಿಗೂ ನಾವು ಸೇರಿಸಬಹುದಾದದ್ದು ಹೆಚ್ಚಿಲ್ಲ.

ಕಲ್ಲಿದ್ದಲನ್ನು ಒಡೆದಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣುವ ದಪ್ಪ ಕಣಗಳು ಮೂಗು ಗಂಟಲುಗಳಲ್ಲೇ ನಿಲ್ಲುತ್ತವೆ. ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಭಾಗದಷ್ಟು ಸಣ್ಣ ಕಣಗಳೇ ಅಪಾಯಕಾರಿ. ಅವು ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅಲ್ಲಿ ಕಾವಲಿರುವ ಜೀವಕೋಶಗಳು ಅವನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ನುಂಗಲೂ ಆರದೆ ಉಗುಳಲೂ ಆರದೆ ಅವು ಸಹಾಯಕ್ಕಾಗಿ ಕೂಗಿಕೊಂಡಂತೆ ಕೆಲವು ರಾಸಾಯನಿಕಗಳನ್ನು ಹೊರಬಿಡುತ್ತವೆ. ಆ ಕೂಗಿಗೆ ಓಗೊಟ್ಟ ದೇಹ ಗಾಯವಾದ ಕಡೆಯಲ್ಲೆಲ್ಲ ನಾರು ಹೆಣೆಯುತ್ತದೆ. ಮೃದುವಾಗಿದ್ದ ಶ್ವಾಸಕೋಶದಲ್ಲಿ ಗಂಟುಗಳೆದ್ದು, ಕೆಲವರಲ್ಲಿ ಅವು ಒಂದಕ್ಕೊಂದು ಕೂಡಿ ದೊಡ್ಡ ಗಡ್ಡೆಗಳಾಗುತ್ತವೆ. ವೈದ್ಯರು ಇದಕ್ಕೆ ‘ನ್ಯುಮೋಕೋನಿಯೋಸಿಸ್’ ಎನ್ನುತ್ತಾರೆ. ಅಮೆರಿಕದ ಗಣಿಗಾರರ ಆಡುಮಾತಿನಲ್ಲಿ ಇದು ‘ಕಪ್ಪು ಶ್ವಾಸಕೋಶ’. ಒಮ್ಮೆ ಹೆಣೆದ ನಾರನ್ನು ಬಿಚ್ಚುವ ಔಷಧಿ ಇಲ್ಲ. ಗಣಿ ಬಿಟ್ಟ ಮೇಲೂ ಅನೇಕರಲ್ಲಿ ರೋಗ ಮುಂದುವರಿಯುತ್ತದೆ.

ತಂದೆಯ ತಪ್ಪೆಣಿಕೆ

ಈ ಕಥೆಯಲ್ಲಿ ಒಬ್ಬ ತಂದೆ ಮತ್ತು ಒಬ್ಬ ಮಗ ಬರುತ್ತಾರೆ. ತಂದೆ ಜಾನ್ ಸ್ಕಾಟ್ ಹಾಲ್ಡೇನ್, ಮಗ ಜೆ. ಬಿ. ಎಸ್. ಹಾಲ್ಡೇನ್. ಮಗನ ಹೆಸರು ಭಾರತೀಯರಿಗೆ ಚಿರಪರಿಚಿತ. ಅವರು 1957ರಲ್ಲಿ ಇಂಗ್ಲೆಂಡನ್ನು ತೊರೆದು ಕಲ್ಕತ್ತೆಗೆ ಬಂದು, ಭಾರತದ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ಕಣ್ಣುಮುಚ್ಚಿದ ಮಹಾವಿಜ್ಞಾನಿ.

ತಂದೆ ಹಾಲ್ಡೇನ್ ಗಣಿಗಾರರಿಗೆ ಮಾಡಿದ ಉಪಕಾರ ಸಾಮಾನ್ಯವಲ್ಲ. 1896ರ ಜನವರಿಯಲ್ಲಿ ದಕ್ಷಿಣ ವೇಲ್ಸಿನ ಕಿರಿಯ ರೋಂಡಾ ಕಣಿವೆಯ ಟೈಲರ್ಸ್‌ಟೌನ್ ಗಣಿಯಲ್ಲಿ ಸ್ಫೋಟವಾದಾಗ ಅವರು ಅಲ್ಲಿಗೆ ಧಾವಿಸಿ ಶವಗಳನ್ನು ಪರೀಕ್ಷಿಸಿದರು. ಸತ್ತವರಲ್ಲಿ ಹೆಚ್ಚಿನವರು ಸ್ಫೋಟದ ಹೊಡೆತದಿಂದಲ್ಲ, ಆಮೇಲೆ ಹಬ್ಬಿದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲದಿಂದ ಸತ್ತರೆಂದು ತೋರಿಸಿಕೊಟ್ಟರು. ಈ ಅನಿಲವನ್ನು ಮುಂಚಿತವಾಗಿ ಅರಿಯಲು ಗಣಿಯೊಳಕ್ಕೆ ಪುಟ್ಟ ಹಕ್ಕಿಗಳನ್ನು ಒಯ್ಯಬೇಕೆಂಬ ಸಲಹೆಯೂ ಅವರದೇ. ಮಗ ಇನ್ನೂ ಹುಡುಗನಾಗಿದ್ದಾಗ ಅವನನ್ನು ಗಣಿಯೊಳಗೆ ಕರೆದೊಯ್ದು, ಎದ್ದು ನಿಂತು ಷೇಕ್ಸ್‌ಪಿಯರನ ನಾಟಕದ ಒಂದು ಭಾಷಣ ಹೇಳೆಂದರಂತೆ. ಹುಡುಗ ಕೆಲವು ಸಾಲು ಹೇಳುವಷ್ಟರಲ್ಲಿ ಏದುಸಿರು ಬಂದು ಕುಸಿದನು. ಹಗುರವಾದ ಮೀಥೇನ್ ಅನಿಲ ಸುರಂಗದ ಮೇಲ್ಭಾಗದಲ್ಲಿ ನಿಂತಿರುತ್ತದೆ, ನೆಲದ ಬಳಿ ಗಾಳಿ ಚೆನ್ನಾಗಿರುತ್ತದೆ ಎಂಬ ಪಾಠ ಹೀಗೆ ಆಯಿತು.

ಇಂಥ ಮಹನೀಯರೂ ಒಂದು ವಿಷಯದಲ್ಲಿ ತಪ್ಪಿದರು. ಕಲ್ಲಿನಲ್ಲಿರುವ ಸಿಲಿಕಾದ ದೂಳು ಮಾತ್ರ ಕೇಡು, ಶುದ್ಧ ಕಲ್ಲಿದ್ದಲ ದೂಳಿನಿಂದ ಹೇಳಿಕೊಳ್ಳುವಂಥ ಅಪಾಯವಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ಇದಕ್ಕೆ ಆಧಾರವೂ ಇತ್ತು: ಕಲ್ಲಿದ್ದಲ ಗಣಿಗಾರರಲ್ಲಿ ಕ್ಷಯದಿಂದ ಸಾಯುವವರು ಬೇರೆ ಅನೇಕ ಕಸುಬಿನವರಿಗಿಂತ ಕಡಿಮೆ. ಆದರೆ ಈ ಲೆಕ್ಕದಲ್ಲಿ ಒಂದು ತೊಡಕಿದೆ. ಗಣಿಗೆ ಸೇರುವವರು ಗಟ್ಟಿಮುಟ್ಟಾದವರು. ಕಾಯಿಲೆ ಬಿದ್ದವರು ಕೆಲಸ ಬಿಟ್ಟು ಮನೆ ಸೇರುತ್ತಾರೆ. ಗಣಿಯ ಬಾಗಿಲಲ್ಲಿ ನಿಂತು ಎಣಿಸುವವರಿಗೆ ಆರೋಗ್ಯವಂತರೇ ಕಾಣುತ್ತಾರೆ.

ಅಭಿಪ್ರಾಯ ಪುಸ್ತಕದಲ್ಲಷ್ಟೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಬ್ರಿಟನ್ನಿನಲ್ಲಿ 1928ರ ನಿಯಮದಂತೆ ಗಣಿಗಾರನಿಗೆ ಪರಿಹಾರಧನ ಸಿಗಬೇಕಾದರೆ ತಾನು ಸಿಲಿಕಾ ತುಂಬಿದ ಬಂಡೆಯನ್ನು ಕೊರೆಯುವ ಕೆಲಸ ಮಾಡಿದ್ದೆನೆಂದು ಅವನು ತೋರಿಸಬೇಕಾಗಿತ್ತು. ಬರೀ ಕಲ್ಲಿದ್ದಲು ಕಡಿದು ಉಸಿರು ಕಳೆದುಕೊಂಡವನಿಗೆ ಬರಿಗೈ. ಅವನ ರೋಗವನ್ನು ಹಳೆಯ ಕೆಮ್ಮೆಂದೋ, ದುರ್ಬಲ ಎದೆಯೆಂದೋ ಬರೆದುಕೊಳ್ಳುತ್ತಿದ್ದರು.

ಈ ನಂಬಿಕೆಯನ್ನು ಮುರಿದವರು ಗಣಿಗೇ ಇಳಿಯದ ಜನ. ದಕ್ಷಿಣ ವೇಲ್ಸಿನ ಬಂದರುಗಳಲ್ಲಿ ಹಡಗಿನ ಉಗ್ರಾಣದೊಳಗೆ ನಿಂತು, ಮೇಲಿನಿಂದ ಸುರಿಯುವ ಕಲ್ಲಿದ್ದಲನ್ನು ಸಲಿಕೆಯಿಂದ ಹರಡಿ ಸಮ ಮಾಡುವ ಕೂಲಿಗಳಿದ್ದರು. ಅವರು ಬಂಡೆ ಕೊರೆದವರಲ್ಲ. ಆದರೂ ಅವರ ಶ್ವಾಸಕೋಶಗಳಲ್ಲಿ ಅದೇ ಕಪ್ಪು ಗಂಟುಗಳಿದ್ದವು. ಕಾರ್ಡಿಫಿನ ರೋಗಶಾಸ್ತ್ರಜ್ಞ ಗಾಫ್ 1940ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ಅದೇ ಕಾಲದಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಳಿ ದಕ್ಷಿಣ ವೇಲ್ಸಿನ ಗಣಿಗಳಲ್ಲಿ ದೊಡ್ಡ ತಪಾಸಣೆಯನ್ನೇ ನಡೆಸಿತು. ಗಟ್ಟಿಯಾದ ಆಂತ್ರಸೈಟ್ ಕಲ್ಲಿದ್ದಲು ಸಿಗುವ ಪ್ರದೇಶದಲ್ಲಿ ರೋಗ ಹೆಚ್ಚು, ಉಳಿದೆಡೆ ಕಡಿಮೆ ಎಂದು ತಿಳಿಯಿತು. ಒಂದು ಕಣಿವೆಗೂ ಪಕ್ಕದ ಕಣಿವೆಗೂ ಜನರ ರಕ್ತ ಬೇರೆಯಾಗಿರಲಿಲ್ಲ; ಬೇರೆಯಾಗಿದ್ದದ್ದು ಕಲ್ಲಿದ್ದಲು. 1943ರಲ್ಲಿ ಕಲ್ಲಿದ್ದಲ ದೂಳಿನ ರೋಗಕ್ಕೂ ಪರಿಹಾರ ಕೊಡುವ ವ್ಯವಸ್ಥೆ ಜಾರಿಗೆ ಬಂತು.

ಸಿಲಿಕಾದ ದೂಳಿನ ಮಾತು ಬಂದಾಗ ನಮ್ಮ ಕೋಲಾರವನ್ನು ಮರೆಯುವಂತಿಲ್ಲ. ಭಾರತದಲ್ಲಿ ಸಿಲಿಕೋಸಿಸ್ ರೋಗ ಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಗಳಿಂದ, 1947ರಲ್ಲಿ. ತಪಾಸಣೆಯಾದ ಕೆಲಸಗಾರರಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕಿ ಜನರಲ್ಲಿ ರೋಗವಿತ್ತು. ನೂರರಲ್ಲಿ ನಲವತ್ತು ಮಂದಿ ಬೀಳುವಾಗ ಅದನ್ನು ಯಾರ ಮನೆತನಕ್ಕೆ ಕಟ್ಟುವುದು?

ಮಗನ ಮಾತು

ಈಗ ಮಗನ ಕಡೆ ತಿರುಗೋಣ. ತಂದೆ 1936ರಲ್ಲಿ ತೀರಿಕೊಂಡರು. ಎರಡು ವರ್ಷಗಳ ಬಳಿಕ, 1938ರಲ್ಲಿ, ಜೆ. ಬಿ. ಎಸ್. ಹಾಲ್ಡೇನ್ ಆನುವಂಶಿಕತೆ ಮತ್ತು ರಾಜಕೀಯ ಎಂಬ ವಿಷಯದ ಮೇಲೊಂದು ಪುಸ್ತಕ ಪ್ರಕಟಿಸಿದರು. ಅದರಲ್ಲಿ ಇಂಗ್ಲೆಂಡಿನ ಕುಂಬಾರಿಕೆಯ ಕಾರ್ಖಾನೆಗಳಲ್ಲಿ ದೂಳಿನಿಂದ ಬರುವ ಎದೆರೋಗದ ಪ್ರಸ್ತಾಪ ಬರುತ್ತದೆ. ಎಲ್ಲ ಕುಂಬಾರರೂ ಅದರಿಂದ ಸಾಯುವುದಿಲ್ಲ. ಬಹುಶಃ ಹುಟ್ಟಿನಿಂದಲೇ ಅದಕ್ಕೆ ಪಕ್ಕಾಗಬಲ್ಲವರು ಕೆಲವರೇ ಇರಬೇಕು. ಅವರನ್ನು ಮೊದಲೇ ಗುರುತಿಸಿ ಆ ಕೆಲಸಕ್ಕೆ ಬರದಂತೆ ನೋಡಿಕೊಂಡರೆ ರೋಗವನ್ನೇ ಇಲ್ಲವಾಗಿಸಬಹುದು ಎಂಬುದು ಅವರ ತರ್ಕ.

ಹಾಲ್ಡೇನ್ ಮಾಲಿಕರ ಪಕ್ಷದವರಲ್ಲ. ದುಡಿಯುವವರ ಪರವಾಗಿ ಜೀವನವಿಡೀ ವಾದಿಸಿದವರು. ಜನಾಂಗದ ಹೆಸರಿನಲ್ಲಿ ಆಗ ಯೂರೋಪಿನಲ್ಲಿ ನಡೆಯುತ್ತಿದ್ದ ಅವಿವೇಕವನ್ನು ಖಂಡಿಸಿದವರು. ಕೆಲಸಗಾರನ ಪ್ರಾಣ ಉಳಿಸುವುದೇ ಅವರ ಉದ್ದೇಶವಾಗಿತ್ತೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೂ ಈ ಮಾತು ಅವರ ಕೈತಪ್ಪಿ ಬೆಳೆಯಿತು. ವಂಶಗುಣ ನೋಡಿ ಕೆಲಸಕ್ಕೆ ಆಳನ್ನು ಆರಿಸಬೇಕೆಂಬ ವಾದದ ಚರಿತ್ರೆ ಬರೆಯುವವರೆಲ್ಲ ಈ ಪುಸ್ತಕದಿಂದಲೇ ಆರಂಭಿಸುವುದು ವಾಡಿಕೆಯಾಗಿದೆ.

ವಿಜ್ಞಾನ ಅವರ ಊಹೆಯನ್ನು ಪೂರ್ತಿ ತಳ್ಳಿಹಾಕಲಿಲ್ಲ. 1953ರಲ್ಲಿ ಕಾರ್ಡಿಫಿನ ವೈದ್ಯ ಕ್ಯಾಪ್ಲನ್ ಒಂದು ವಿಚಿತ್ರವನ್ನು ಗಮನಿಸಿದರು. ಕೀಲುವಾತವಿದ್ದ ಗಣಿಗಾರರ ಕ್ಷ-ಕಿರಣ ಚಿತ್ರಗಳಲ್ಲಿ ಶ್ವಾಸಕೋಶದ ತುಂಬ ದುಂಡನೆಯ ಗಂಟುಗಳು ಕಾಣುತ್ತಿದ್ದವು. ಅವರಲ್ಲಿ ಕೆಲವರು ತಿಂದ ದೂಳು ಅಷ್ಟು ಹೆಚ್ಚೇನೂ ಆಗಿರಲಿಲ್ಲ. ಅಂದರೆ ದೂಳಿಗೆ ದೇಹ ತೋರುವ ಪ್ರತಿಕ್ರಿಯೆ ಎಲ್ಲರಲ್ಲಿಯೂ ಒಂದೇ ಅಲ್ಲ. 1990ರ ದಶಕದಲ್ಲಿ ವಂಶವಾಹಿಗಳನ್ನು ಅಕ್ಷರ ಅಕ್ಷರವಾಗಿ ಓದುವ ವಿದ್ಯೆ ಕೈಗೆ ಬಂದಾಗ ಸಂಶೋಧಕರು ಗಣಿಗಾರರ ರಕ್ತವನ್ನೂ ಓದತೊಡಗಿದರು. ಕಾವಲಿನ ಜೀವಕೋಶಗಳು ಕೂಗುವ ಕೂಗಿನಲ್ಲಿ ಟಿ.ಎನ್.ಎಫ್. ಎಂಬ ಪ್ರೋಟೀನಿಗೆ ಮುಖ್ಯ ಸ್ಥಾನ. ಅದರ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬೇರೆಯಾಗಿರುವ ಜನರಿದ್ದಾರೆ. ರೋಗ ತಗಲಿದ ಗಣಿಗಾರರಲ್ಲಿ ಈ ಬದಲಾದ ಅಕ್ಷರ ಹೆಚ್ಚಾಗಿ ಕಾಣುತ್ತದೆಂದು 1998ರಲ್ಲಿ ಯೂರೋಪಿನ ಒಂದು ಅಧ್ಯಯನ ತಿಳಿಸಿತು. 2001ರಲ್ಲಿ ಅಮೆರಿಕದ ಗಣಿಗಾರರ ಅಧ್ಯಯನವೂ ಇಂಥದೇ ಸುಳಿವು ಕೊಟ್ಟಿತು. ಆದರೆ ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ.

ಹಾಗಾದರೆ ‘ಮನೆತನದಲ್ಲೇ ಇದೆ’ ಎಂಬ ಚಾಳಿನ ಮಾತು ಗೆದ್ದಿತೇ? ಒಂದು ಚಿಕ್ಕ ಲೆಕ್ಕ ಹಾಕಿ ನೋಡೋಣ. ಇದು ತಿಳಿವಳಿಕೆಗಾಗಿ ನಾವು ಕಲ್ಪಿಸಿಕೊಂಡ ಲೆಕ್ಕ. ಗಣಿಯಲ್ಲಿ 100 ಜನ ಇದ್ದಾರೆ. 30 ಜನರಲ್ಲಿ ಆ ಅಕ್ಷರವಿದೆ, 70 ಜನರಲ್ಲಿ ಇಲ್ಲ. ಅಕ್ಷರವಿದ್ದವರಿಗೆ ಅಪಾಯ ಎರಡು ಪಟ್ಟು ಎನ್ನೋಣ: ಹತ್ತರಲ್ಲಿ ಇಬ್ಬರು. ಇಲ್ಲದವರಿಗೆ ಹತ್ತರಲ್ಲಿ ಒಬ್ಬರು. ಆಗ ಮೊದಲ ಗುಂಪಿನಲ್ಲಿ 6 ಜನ, ಎರಡನೆಯ ಗುಂಪಿನಲ್ಲಿ 7 ಜನ ರೋಗಿಗಳಾಗುತ್ತಾರೆ. ಮಾಲಿಕನು ರಕ್ತ ಪರೀಕ್ಷಿಸಿ ಆ 30 ಜನರನ್ನು ಬಾಗಿಲಿನಿಂದಲೇ ತಿರುಗಿಸಿದನೆನ್ನಿ. ಎಂದೂ ರೋಗ ಬರಲಾರದ 24 ಜನ ಅನ್ನ ಕಳೆದುಕೊಂಡರು. ಒಳಗೆ ಉಳಿದವರಲ್ಲಿ 7 ಜನ ಹೇಗೂ ಕಾಯಿಲೆ ಬೀಳುತ್ತಾರೆ. ಖಾಲಿಯಾದ 30 ಜಾಗಕ್ಕೆ ಹೊಸಬರು ಬಂದರೆ ಅವರಲ್ಲಿ ಇನ್ನೂ 3 ಜನ. ದೂಳು ಮಾತ್ರ ಎಷ್ಟಿತ್ತೋ ಅಷ್ಟೇ.

ಇದು ಬರೀ ಕಲ್ಪನೆಯ ಭಯವಲ್ಲ. ಕೆಲಸಗಾರರ ವಂಶವಾಹಿ ಪರೀಕ್ಷೆಯ ಕುರಿತು ಅಮೆರಿಕದ ಸಂಸತ್ತಿನ ಕಚೇರಿಯೊಂದು 1983ರಲ್ಲಿಯೇ ವರದಿ ಸಿದ್ಧಪಡಿಸಬೇಕಾಯಿತು. 2001ರಲ್ಲಿ ಅಲ್ಲಿನ ಒಂದು ದೊಡ್ಡ ರೈಲ್ವೆ ಕಂಪನಿ, ಕೈನೋವೆಂದು ದೂರು ಕೊಟ್ಟ ನೌಕರರ ರಕ್ತವನ್ನು ಅವರಿಗೆ ತಿಳಿಸದೆ ಇಂಥ ಪರೀಕ್ಷೆಗೆ ಕಳಿಸಿದ್ದು ಬಯಲಾಗಿ ನ್ಯಾಯಾಲಯದ ಮೆಟ್ಟಿಲೇರಿತು. ವಂಶಗುಣದ ಆಧಾರದ ಮೇಲೆ ಕೆಲಸ ಕೊಡುವುದನ್ನಾಗಲಿ ಕಿತ್ತುಕೊಳ್ಳುವುದನ್ನಾಗಲಿ ನಿಷೇಧಿಸುವ ಕಾನೂನು ಆ ದೇಶದಲ್ಲಿ ಬಂದದ್ದು 2008ರಲ್ಲಿ.

ಬೆಟ್ಟದ ಸಾಕ್ಷಿ

ದೂಳೋ ರಕ್ತವೋ ಎಂಬ ವ್ಯಾಜ್ಯದಲ್ಲಿ ಕೊನೆಯ ಸಾಕ್ಷಿ ನುಡಿದದ್ದು ಅಮೆರಿಕದ ಅಪಲೇಚಿಯನ್ ಬೆಟ್ಟಗಳು. ಅದಕ್ಕೆ ಮೊದಲು ಬ್ರಿಟನ್ನಿನ ಇನ್ನೊಂದು ಕೆಲಸವನ್ನು ಹೇಳಬೇಕು. ತಂದೆ ಹಾಲ್ಡೇನ್ ಶವಪರೀಕ್ಷೆ ಮಾಡಿದ ಅದೇ ಕಿರಿಯ ರೋಂಡಾ ಕಣಿವೆಗೆ 1950ರಲ್ಲಿ ಆರ್ಚಿ ಕಾಕ್ರೇನ್ ಎಂಬ ವೈದ್ಯರು ಬಂದರು. ಅವರು ಗಣಿಯ ಬಾಗಿಲಲ್ಲಿ ನಿಲ್ಲಲಿಲ್ಲ. ಮನೆ ಮನೆಯ ಕದ ತಟ್ಟಿ, ಕೆಲಸ ಬಿಟ್ಟವರನ್ನೂ ಹಾಸಿಗೆ ಹಿಡಿದವರನ್ನೂ ಬಿಡದೆ ಕಣಿವೆಯ ಜನರ ಎದೆಯ ಚಿತ್ರ ತೆಗೆಸಿದರು. ಬಳಿಕ ಬ್ರಿಟನ್ನಿನ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿ ಇಪ್ಪತ್ತಕ್ಕೂ ಹೆಚ್ಚು ಗಣಿಗಳಲ್ಲಿ ಗಾಳಿಯ ದೂಳನ್ನು ತೂಗುತ್ತ, ಗಣಿಗಾರರ ಎದೆಯನ್ನು ನೋಡುತ್ತ ವರ್ಷಗಟ್ಟಲೆ ಲೆಕ್ಕ ಇಟ್ಟಿತು. 1970ರಲ್ಲಿ ಹೊರಬಂದ ತೀರ್ಮಾನ ಸರಳವಾಗಿತ್ತು: ದೂಳಿನ ತೂಕ ಏರಿದಂತೆ ರೋಗ ಏರುತ್ತದೆ, ಇಳಿದಂತೆ ಇಳಿಯುತ್ತದೆ.

ಅಮೆರಿಕದಲ್ಲಿ 1968ರ ನವೆಂಬರಿನಲ್ಲಿ ಪಶ್ಚಿಮ ವರ್ಜೀನಿಯದ ಫಾರ್ಮಿಂಗ್ಟನ್ ಬಳಿಯ ಗಣಿ ಸ್ಫೋಟಗೊಂಡು 78 ಜನ ಸತ್ತರು. ಮರುವರ್ಷ ಆ ರಾಜ್ಯದ ಸಾವಿರಾರು ಗಣಿಗಾರರು ಕಪ್ಪು ಶ್ವಾಸಕೋಶಕ್ಕೆ ಪರಿಹಾರ ಬೇಕೆಂದು ಕೆಲಸ ನಿಲ್ಲಿಸಿದರು. 1969ರ ಕೊನೆಯಲ್ಲಿ ಹೊಸ ಕಾನೂನು ಬಂತು. ಗಣಿಯ ಗಾಳಿಯಲ್ಲಿ ಒಂದು ಘನ ಮೀಟರಿಗೆ 3 ಮಿಲಿಗ್ರಾಂ, ಕೆಲವೇ ವರ್ಷಗಳಲ್ಲಿ 2 ಮಿಲಿಗ್ರಾಂ, ಇದಕ್ಕಿಂತ ಹೆಚ್ಚು ಸಣ್ಣ ದೂಳು ಇರಕೂಡದೆಂದು ಮಿತಿ ಹಾಕಿದರು. ಆ ಮಿತಿಗೆ ಬ್ರಿಟನ್ನಿನ ಈ ಲೆಕ್ಕವೇ ಆಧಾರ. ಮೂರು ದಶಕ ರೋಗ ಇಳಿಯುತ್ತಲೇ ಬಂತು. ಇನ್ನು ಅದರ ಕಥೆ ಮುಗಿಯಿತೆಂದೇ ಎಲ್ಲರೂ ಭಾವಿಸಿದ್ದರು.

ಆದರೆ 1990ರ ದಶಕ ಮುಗಿಯುವ ಹೊತ್ತಿಗೆ ರೋಗ ತಿರುಗಿ ತಲೆಯೆತ್ತಿತು. 2013ರಿಂದ 2017ರವರೆಗೆ ನೈರುತ್ಯ ವರ್ಜೀನಿಯದ ಕೇವಲ ಮೂರು ಚಿಕಿತ್ಸಾಲಯಗಳಲ್ಲಿ 416 ಗಣಿಗಾರರ ಶ್ವಾಸಕೋಶಗಳಲ್ಲಿ ರೋಗದ ಅತಿ ಘೋರರೂಪವಾದ ದೊಡ್ಡ ಗಡ್ಡೆಗಳು ಪತ್ತೆಯಾದವು. ಮಧ್ಯ ಅಪಲೇಚಿಯದಲ್ಲಿ 25 ವರ್ಷ ದುಡಿದ ಗಣಿಗಾರರಲ್ಲಿ ಐವರಲ್ಲಿ ಒಬ್ಬರಿಗೆ ರೋಗವಿದೆಯೆಂದು 2018ರಲ್ಲಿ ಪ್ರಕಟವಾಯಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆ ಬೆಟ್ಟಗಳಲ್ಲಿ ಅಪ್ಪನ ಹಿಂದೆ ಮಗ ಗಣಿಗೆ ಇಳಿಯುವುದು ರೂಢಿ. ಅದೇ ಹಳ್ಳಿಗಳು, ಅದೇ ಮನೆತನಗಳು, ಅದೇ ರಕ್ತ. ಒಂದು ತಲೆಮಾರಿನಲ್ಲಿ ವಂಶವಾಹಿಗಳು ಬದಲಾಗುವುದಿಲ್ಲ. ಬದಲಾದದ್ದು ಗಣಿ. ದಪ್ಪನೆಯ ಕಲ್ಲಿದ್ದಲ ಪದರಗಳು ಮುಗಿದಿದ್ದವು. ತೆಳುವಾದ ಪದರಗಳಿಗಾಗಿ ಬಲವಾದ ಯಂತ್ರಗಳು ಮೇಲೆ ಕೆಳಗಿನ ಬಂಡೆಯನ್ನೂ ಸೇರಿಸಿ ಕೊರೆಯುತ್ತಿದ್ದವು. ಕಲ್ಲಿದ್ದಲ ದೂಳಿನ ಜೊತೆಗೆ ಸಿಲಿಕಾ ಉಸಿರಿಗೆ ಸೇರಿತು. ತಂದೆಯರನ್ನು ಉಳಿಸಿದ್ದು ಕಾನೂನು, ಮಕ್ಕಳನ್ನು ಕೊಂದದ್ದು ದೂಳು. ಹುಟ್ಟುಗುಣ ಎರಡೂ ಕಾಲಗಳಲ್ಲಿ ಒಂದೇ ಆಗಿತ್ತು.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು. ಒಂದೇ ದೂಳಿನಲ್ಲಿ ಯಾರು ಮೊದಲು ಬೀಳುತ್ತಾರೆಂಬುದರಲ್ಲಿ ಹುಟ್ಟುಗುಣದ ಪಾಲಿದೆ. ಎಷ್ಟು ಜನ ಬೀಳುತ್ತಾರೆಂಬುದನ್ನು ನಿರ್ಧರಿಸುವುದು ದೂಳು. ವಂಶವಾಹಿಯ ಅರಿವು ಮುಂದೆ ಒಳ್ಳೆಯ ಔಷಧಿಗೆ ದಾರಿ ತೋರಬಹುದು. ಬೇಗ ತಪಾಸಣೆ ಮಾಡಿಸಿಕೊಳ್ಳಲು ಗಣಿಗಾರನಿಗೇ ಎಚ್ಚರಿಕೆ ಕೊಡಬಹುದು. ಅದು ಅವನ ಸ್ವತ್ತು. ಅದನ್ನು ಮಾಲಿಕನ ಕೈಗೆ ಕೊಟ್ಟರೆ ದೂಳು ಗುಡಿಸುವ ಬದಲು ಅವನು ಜನರನ್ನೇ ಗುಡಿಸಿಹಾಕುವ ಸಂಭವ ಹೆಚ್ಚು.

ಪರೇಲಿನ ಗಿರಣಿಗಳ ಸದ್ದಡಗಿ ಬಹಳ ಕಾಲವಾಯಿತು. ಅವುಗಳ ಜಾಗದಲ್ಲಿ ಗಾಜಿನ ಗೋಪುರಗಳು ಎದ್ದಿವೆ. ಈ ನಗರದ ಕಟ್ಟಡಗಳನ್ನು ಕಟ್ಟುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಬಂದ ನಮ್ಮವರೂ ಇದ್ದಾರೆ. ನಮ್ಮ ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಕೊಯ್ಯಲು ಬರುವ ಹುಡುಗ ಒಣಕಲ್ಲಿನ ಮೇಲೆ ಯಂತ್ರವಿಟ್ಟಾಗ ಏಳುವ ಬಿಳಿಯ ದೂಳು, ಕೋಲಾರದಲ್ಲಿ ನೂರಕ್ಕೆ ನಲವತ್ತು ಜನರನ್ನು ಹಿಡಿದ ಸಿಲಿಕಾವೇ. ನಾವು ಕಿಟಕಿ ಮುಚ್ಚಿಕೊಂಡು ಒಳಗೆ ಹೋಗುತ್ತೇವೆ. ಅವನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಅಲ್ಲಿಯೇ ಕೂತಿರುತ್ತಾನೆ. ಕರವಸ್ತ್ರ ಆ ಸಣ್ಣ ಕಣಗಳನ್ನು ತಡೆಯಲಾರದು. ಯಂತ್ರದ ಬಾಯಿಗೆ ನೀರು ಬಿಟ್ಟು ಕೊಯ್ದರೆ ದೂಳು ಬಹಳ ಮಟ್ಟಿಗೆ ಅಡಗುತ್ತದೆ; ಸರಿಯಾದ ಮುಖಕವಚವನ್ನು ಗುತ್ತಿಗೆದಾರನಿಂದ ಕೊಡಿಸಬಹುದು. ಅಲ್ಲಿ ನಿಂತು ಕೆಲಸ ಮಾಡಿಸುವವರು ನಾವೇ ಆದ್ದರಿಂದ ಕೇಳುವ ಅಧಿಕಾರವೂ ನಮ್ಮದೇ. ಹತ್ತು ವರ್ಷಗಳ ಮೇಲೆ ಅವನು ತನ್ನೂರಿನ ಜಗಲಿಯಲ್ಲಿ ಉಸಿರಿಗೆ ಒದ್ದಾಡುತ್ತ ಕೂತಾಗ, ನೆರೆಯವರು ‘ಅವರ ಮನೆತನದಲ್ಲೇ ದಮ್ಮು ಇದೆ’ ಎಂದು ಹೇಳುವಂತಾಗಬಾರದು. ಒಂದು ತಂಬಿಗೆ ನೀರು ನಾವು ಇಂದೇ ಕೊಡಬಲ್ಲೆವು.